ಪ್ಲೇಟ್ ನೋಡಿದಿರಾ ಡಾಕ್ಟ್ರೇ?

ಆಪರೇಶನ್ ಆದ ಮಾರನೆಯ ಬೆಳಿಗ್ಗೆ ನಾನು ರೌಂಡ್ಸಿಗೆ ಹೋದಾಗ ಆ ತಾಯಿ ಮಗ್ಗುಲಾಗಿ ಮಲಗಿದ್ದರು. ಹೊಟ್ಟೆಯ ಮೇಲೆ ಉದ್ದಕ್ಕೆ ಹೊಲಿಗೆ ಇರುವವರು ಹಾಗೆ ಮಲಗುವುದಿಲ್ಲ, ನೋಯುತ್ತದೆ. ‘ಯಾಕಮ್ಮಾ, ಅಂಗಾತ ಮಲಗೋಕಾಗಲ್ವಾ?’ ಅಂದೆ. ಅವರು ಸಂಕೋಚದಿಂದ ಮುಖ ಆ ಕಡೆ ತಿರುಗಿಸಿಕೊಂಡರು. ಪಕ್ಕದಲ್ಲಿದ್ದ ಸೊಸೆ ಹೇಳಿದಳು: ‘ತೊಡೆ ಹಿಂದೆ ಉರಿ ಅಂತಾರೆ ಸಾರ್, ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ.’ ವಾರ್ಡಿನ ಸಿಸ್ಟರ್ ಹೊದಿಕೆ ಸರಿಸಿ ತೋರಿಸಿದರು. ಬಲತೊಡೆಯ ಹಿಂಭಾಗ ಅಂಗೈ ಅಗಲ ಸುಟ್ಟಿತ್ತು. ಒಂದು ಅಂಚು ಸ್ಕೇಲಿಟ್ಟು ಗೆರೆ ಎಳೆದಷ್ಟು ನೇರ. ನಡುವೆ ಚರ್ಮ ಬಿಳಿಚಿಕೊಂಡು ಚಕ್ಕಳದಂತೆ ಗಟ್ಟಿಯಾಗಿತ್ತು. ಅಲ್ಲಿ ಮುಟ್ಟಿದರೆ ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಉರಿಯೆಲ್ಲ ಸುತ್ತಲಿನ ಕೆಂಪಿನಲ್ಲಿ.

‘ಸಾರ್, ಹೊಟ್ಟೆ ಆಪರೇಶನ್ ಅಂತ ಕರಕೊಂಡು ಬಂದ್ವಿ. ತೊಡೆ ಹೆಂಗೆ ಸುಡ್ತು?’ ಎಂದು ಮಗ ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದ್ದ. ಒಮ್ಮೊಮ್ಮೆ ಮೆಷಿನ್ನಿನ ತೊಂದರೆಯಿಂದ ಹೀಗಾಗುತ್ತದೆ, ಡ್ರೆಸ್ಸಿಂಗ್ ಮಾಡಿದರೆ ಮಾಯುತ್ತದೆ ಎಂದೆ. ಹೊರಗೆ ಬಂದವನೇ ಥಿಯೇಟರಿನ ಸಿಸ್ಟರನ್ನು ಕರೆಸಿ, ನಾಲ್ಕು ಜನರ ಮುಂದೆ, ‘ಪ್ಲೇಟ್ ಹಾಕೋಕೂ ಬರಲ್ವಾ ನಿಮಗೆ?’ ಎಂದು ಬೈದೆ. ಅವರು ನನಗಿಂತ ಹತ್ತು ವರ್ಷ ದೊಡ್ಡವರು. ಒಂದು ಮಾತೂ ಆಡದೆ ನಿಂತಿದ್ದರು.

ಆಡಬಹುದಾಗಿದ್ದ ಮಾತು ಅವರ ಬಳಿ ಇತ್ತು. ಹಿಂದಿನ ದಿನ ಆಪರೇಶನ್ ನಡುವೆ ಟೇಬಲ್ಲನ್ನು ಒಂದು ಕಡೆಗೆ ವಾಲಿಸಿದ್ದೆವು. ಆಮೇಲೆ, ವಿದ್ಯುತ್ತಿನಿಂದ ಕೊಯ್ದು ರಕ್ತ ಕಟ್ಟಿಸುವ ಕಾಟರಿ ಹಿಡಿಯಲಿಲ್ಲ. ‘ಜಾಸ್ತಿ ಮಾಡಿ’ ಅಂದೆ, ಮಾಡಿದರು. ಮತ್ತೆ ‘ಜಾಸ್ತಿ ಮಾಡಿ’ ಅಂದೆ. ಮೂರನೆಯ ಸಲ ಹೇಳಿದಾಗ ಅವರು, ‘ಸಾರ್, ಪ್ಲೇಟ್ ಒಂದ್ಸಲ ನೋಡ್ಲಾ?’ ಎಂದು ಕೇಳಿದ್ದರು. ‘ಈಗ ಡ್ರೇಪ್ ಎತ್ತಬೇಡಿ, ಹೇಳಿದಷ್ಟು ಮಾಡಿ’ ಎಂದವನು ನಾನು. ಟೇಬಲ್ ವಾಲಿದಾಗ ತೊಡೆಯ ಕೆಳಗಿದ್ದ ಪ್ಲೇಟ್, ಅಂದರೆ ಉಕ್ಕಿನ ತಗಡು, ಜಾರಿತ್ತು. ಒಂದು ಅಂಚು ಮಾತ್ರ ಮೈಗೆ ತಾಗಿಕೊಂಡು ಉಳಿದಿತ್ತು. ಆ ಗಾಯ ತಾನಾಗಿ ಮಾಯಲಿಲ್ಲ, ಚರ್ಮ ಕಸಿ ಮಾಡಬೇಕಾಯಿತು. ಮೂರು ದಿನಕ್ಕೆ ಮನೆಗೆ ಹೋಗಬೇಕಾಗಿದ್ದವರು ತಿಂಗಳ ಮೇಲೆ ಆಸ್ಪತ್ರೆಯಲ್ಲಿ ಮಲಗಿದರು.

ಇದನ್ನು ಇಷ್ಟು ವರ್ಷಗಳ ಮೇಲೆ ಬರೆಯುತ್ತಿರುವುದು ಪಾಪ ತೊಳೆದುಕೊಳ್ಳಲಿಕ್ಕಲ್ಲ. ನಾಡಿನ ಆಪರೇಶನ್ ಥಿಯೇಟರುಗಳಲ್ಲಿ ಇಂದು ಬೆಳಿಗ್ಗೆಯೂ ಯಾರೋ ‘ಜಾಸ್ತಿ ಮಾಡಿ’ ಎನ್ನುತ್ತಿದ್ದಾರೆ. ಹಾಗೆನ್ನುವಾಗ ಡ್ರೇಪಿನ ಕೆಳಗೆ ಏನಾಗುತ್ತಿದೆ ಎಂಬುದು ಅವರಿಗೂ ಗೊತ್ತಿಲ್ಲ ಎಂಬುದು ನನಗೆ ಗೊತ್ತು. ಏಕೆಂದರೆ ನಮಗೆ ಯಾರೂ ಕಲಿಸಲಿಲ್ಲ. ಗಂಟು ಹಾಕುವುದನ್ನು ಕಲಿಸಿದರು. ಚಾಕು ಹಿಡಿಯುವಾಗ ಬೆರಳು ಎಲ್ಲಿರಬೇಕೆಂದು ಕೈ ಹಿಡಿದು ತಿದ್ದಿದರು. ಆದರೆ ಪ್ರತಿ ಆಪರೇಶನ್ನಿನಲ್ಲೂ ಕೈಗೆತ್ತಿಕೊಳ್ಳುವ ಈ ಕಾಟರಿಯ ಹಿಡಿಕೆಯ, ನಾವು ಪೆನ್ಸಿಲ್ ಎನ್ನುವುದರ ಬಗ್ಗೆ ‘ಹಳದಿ ಒತ್ತಿದರೆ ಕಟ್ (ಕೊಯ್ಯಲು), ನೀಲಿ ಒತ್ತಿದರೆ ಕೋಆಗ್ (ರಕ್ತ ಹೆಪ್ಪುಗಟ್ಟಿಸಲು)’ ಎಂಬುದರಾಚೆ ಒಂದು ಪಾಠವೂ ಇರಲಿಲ್ಲ. ಮಿಕ್ಕದ್ದನ್ನು ಸೀನಿಯರುಗಳನ್ನು ನೋಡಿ ಕಲಿತೆವು. ಅವರು ಅವರ ಸೀನಿಯರುಗಳನ್ನು ನೋಡಿ ಕಲಿತಿದ್ದರು.

ನಾವು ಇಟ್ಟುಕೊಂಡಿರುವ ಹೆಸರೇ ದಾರಿ ತಪ್ಪಿಸುತ್ತದೆ. ಕಾಟರಿ ಎಂದರೆ ಬರೆ. ಹಳ್ಳಿಗಳಲ್ಲಿ ಕಾಮಾಲೆಗೆ, ಮಕ್ಕಳ ಹೊಟ್ಟೆಯುಬ್ಬರಕ್ಕೆ ಕಬ್ಬಿಣ ಕಾಯಿಸಿ ಚುಟಿಕೆ ಹಾಕುತ್ತಿದ್ದರಲ್ಲ, ಅದು ಕಾಟರಿ. ಅಲ್ಲಿ ಬಿಸಿ ಇರುವುದು ಕಬ್ಬಿಣದಲ್ಲಿ. ಇಟ್ಟ ಕಡೆ ಸುಡುತ್ತದೆ, ಬೇರೆಲ್ಲೂ ಇಲ್ಲ. ನಮ್ಮ ಕೈಯಲ್ಲಿರುವುದು ಅದಲ್ಲ. ಪೆನ್ಸಿಲ್ಲಿನ ತುದಿಯಿಂದ ಹೊರಟ ವಿದ್ಯುತ್ತು ರೋಗಿಯ ಮೈಯೊಳಗೆ ಹರಿದು, ತೊಡೆಯ ಮೇಲಿನ ಪ್ಲೇಟಿನಿಂದ ಹೊರಬಿದ್ದು ಮೆಷಿನ್ನಿಗೆ ಮರಳುತ್ತದೆ. ರೋಗಿಯ ದೇಹವೇ ಇಲ್ಲಿ ತಂತಿ. ಇದನ್ನು ಕಾಟರಿ ಎಂದು ಕರೆಯುತ್ತಾ ಬಂದ ನಮಗೆ ತುದಿಯಷ್ಟೇ ಕಾಣುತ್ತದೆ, ಮಿಕ್ಕ ದಾರಿ ಮರೆತುಹೋಗುತ್ತದೆ.

ಒಂದೇ ವಿದ್ಯುತ್ತು ತುದಿಯಲ್ಲಿ ಕೊಯ್ದು, ಪ್ಲೇಟಿನಲ್ಲಿ ಸುಮ್ಮನೆ ಹಾದುಹೋಗುವುದು ಹೇಗೆ? ಕೆರೆಯ ತೂಬನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ತೂಬಿನ ಬಾಯಲ್ಲಿ ನುಗ್ಗುವ ನೀರು ಮಣ್ಣು ಕೊಚ್ಚುತ್ತದೆ. ಅದೇ ನೀರು ಗದ್ದೆಯ ತುಂಬ ಹರಡಿದಾಗ ಪೈರಿನ ಬುಡ ಅಲುಗುವುದಿಲ್ಲ. ಪ್ಲೇಟ್ ಮೈಗೆ ಪೂರ್ತಿ ಅಂಟಿಕೊಂಡಿದ್ದರೆ ಅದು ಗದ್ದೆ. ಅರ್ಧ ಎದ್ದರೆ ಅದೇ ತೂಬು. ಶಾಖವಂತೂ ವಿದ್ಯುತ್ತಿನ ಸಾಂದ್ರತೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ: ತಾಗುವ ಜಾಗ ಅರ್ಧವಾದರೆ ಅಲ್ಲಿನ ಶಾಖ ನಾಲ್ಕು ಪಟ್ಟು, ಕಾಲುಭಾಗವಾದರೆ ಹದಿನಾರು ಪಟ್ಟು. ಪ್ಲೇಟ್ ಸರಿಯಾಗಿ ತಾಗದಿದ್ದಾಗ ತುದಿಯಲ್ಲಿ ಕಾಟರಿ ಹಿಡಿಯುವುದಿಲ್ಲ. ಅಂದರೆ ಕಾಟರಿ ಹಿಡಿಯದಿರುವುದೇ ಪ್ಲೇಟ್ ನೋಡಿ ಎಂಬ ಎಚ್ಚರಿಕೆ. ನಾನು ಆ ಎಚ್ಚರಿಕೆಯನ್ನು ಕೇಳಿಸಿಕೊಳ್ಳದೆ ವ್ಯಾಟ್ ಏರಿಸಿದೆ. ಆ ತಾಯಿಯ ತೊಡೆಯನ್ನು ಸುಟ್ಟದ್ದು ಮೆಷಿನ್ ಅಲ್ಲ, ನಾನು.

ಈ ವಿದ್ಯೆ ಹುಟ್ಟಿದ ಬಗೆಯನ್ನು ಓದಿದ ಮೇಲಂತೂ ನನಗೆ ಇನ್ನಷ್ಟು ನಾಚಿಕೆಯಾಯಿತು. ಫ್ರಾನ್ಸಿನ ದಾರ್ಸೊನ್ವಾಲ್ 1891ರ ಹೊತ್ತಿಗೇ, ಸೆಕೆಂಡಿಗೆ 10,000ಕ್ಕಿಂತ ಹೆಚ್ಚು ಸಲ ದಿಕ್ಕು ಬದಲಿಸುವ ವಿದ್ಯುತ್ತು ಸ್ನಾಯುಗಳನ್ನು ಸೆಟೆಸುವುದಿಲ್ಲ ಎಂದು ತೋರಿಸಿದ್ದ. ಅಮೆರಿಕದ ವಿಲಿಯಂ ಬೋವಿ ಅದನ್ನು ಆಧರಿಸಿ ಯಂತ್ರ ಕಟ್ಟಿದ. 1926ರ ಅಕ್ಟೋಬರ್ 1ರಂದು ಬಾಸ್ಟನ್ನಿನಲ್ಲಿ ಹಾರ್ವಿ ಕುಶಿಂಗ್ ಎಂಬ ಮಹಾನ್ ಮೆದುಳು ಶಸ್ತ್ರವೈದ್ಯ, ಮೂರು ದಿನ ಮೊದಲು ರಕ್ತಸ್ರಾವ ತಡೆಯಲಾಗದೆ ಅರ್ಧಕ್ಕೆ ಬಿಟ್ಟಿದ್ದ ತಲೆಯ ಗಡ್ಡೆಯೊಂದನ್ನು ಆ ಯಂತ್ರದಿಂದ ತೆಗೆದ. ಬೋವಿ ತನ್ನ ಪೇಟೆಂಟನ್ನು ಒಂದು ಡಾಲರಿಗೆ ಕೊಟ್ಟುಬಿಟ್ಟ. ಇವೆಲ್ಲ ದೊಡ್ಡ ಸಂಗತಿಗಳೇ. ಆದರೆ ನನ್ನನ್ನು ತಟ್ಟಿದ್ದು ಬೇರೆ. ಕುಶಿಂಗ್ ತನ್ನ 1928ರ ವರದಿಯಲ್ಲಿ ಅವಘಡಗಳನ್ನೂ ಬರೆದಿಟ್ಟಿದ್ದಾನೆ. ಒಮ್ಮೆ ವಿದ್ಯುತ್ತು ಲೋಹದ ರಿಟ್ರಾಕ್ಟರಿನಿಂದ ಅವನದೇ ತೋಳಿಗೆ ಹರಿದು, ಹಣೆಯ ಮೇಲಿನ ದೀಪದ ತಂತಿಯ ಮೂಲಕ ಹೊರಹೋಯಿತು ಎಂಬುದನ್ನೂ ಬಚ್ಚಿಟ್ಟಿಲ್ಲ. ಇಂಥ ಕೈಯಲ್ಲೂ ಈ ಯಂತ್ರ ದಾರಿ ತಪ್ಪಬಲ್ಲದು ಎಂದು ಮೊದಲು ಬಳಸಿದವನೇ ಹೇಳಿಹೋದ. ಸುಮಾರು ನೂರು ವರ್ಷಗಳ ಬಳಿಕವೂ ನಾವು ಕೇಸ್ ಶೀಟಿನಲ್ಲಿ ಸುಟ್ಟಗಾಯವನ್ನು ‘ಅಲರ್ಜಿ’ ಎಂದು ಬರೆಯುತ್ತೇವೆ.

ಇದು ಹಳ್ಳಿಗಾಡಿನ ಸರ್ಜನ್ನರ ಕೊರತೆಯೆಂದು ದೊಡ್ಡ ಊರಿನ ಗೆಳೆಯರು ಭಾವಿಸಬಾರದು. 2012ರಲ್ಲಿ ಅಮೆರಿಕದ ಎಂಡೋಸ್ಕೋಪಿಕ್ ಸರ್ಜನ್ನರ ಸಂಘವಾದ ಸೇಜಸ್‌ನ ಮುಂದಾಳುಗಳಿಗೇ ಈ ಉಪಕರಣಗಳ ಬಗ್ಗೆ ಹನ್ನೊಂದು ಪ್ರಶ್ನೆಗಳ ಪರೀಕ್ಷೆ ಕೊಟ್ಟ ಅಧ್ಯಯನವೊಂದು ಪ್ರಕಟವಾಯಿತು. ಪರೀಕ್ಷೆ ಬರೆದವರು 48 ಮಂದಿ, ಉಳಿದವರಿಗೆ ಕಲಿಸುವ ಮಟ್ಟದವರು. ಅವರ ಮಧ್ಯಮ ಅಂಕ ನೂರಕ್ಕೆ 59. ರೋಗಿಯ ಮೈಮೇಲೆ ಬೆಂಕಿ ಹೊತ್ತಿದರೆ ಏನು ಮಾಡಬೇಕೆಂಬುದು ನೂರಕ್ಕೆ 31 ಮಂದಿಗೆ ಸರಿಯಾಗಿ ತಿಳಿದಿರಲಿಲ್ಲ. ಪೇಸ್‌ಮೇಕರಿಗೆ ಅತಿ ಕಡಿಮೆ ತೊಂದರೆ ಕೊಡುವ ಉಪಕರಣ ಯಾವುದೆಂಬುದೂ ಅಷ್ಟೇ ಮಂದಿಗೆ ಗೊತ್ತಿರಲಿಲ್ಲ. ಮಗುವಿಗೆ ಪ್ಲೇಟ್ ದೊಡ್ಡದಾದರೆ ಕತ್ತರಿಸಿ ಹಾಕಬಹುದು ಎಂದುಕೊಂಡವರು ನೂರಕ್ಕೆ 10. ಕತ್ತರಿಸುವುದೆಂದರೆ ಗದ್ದೆಯನ್ನು ನಮ್ಮ ಕೈಯಾರೆ ತೂಬು ಮಾಡುವುದು, ಅದೂ ಒಂದು ಮಗುವಿನ ಮೈಮೇಲೆ. ಆ ಸಂಘ ಈ ಫಲಿತಾಂಶವನ್ನು ಮುಚ್ಚಿಡಲಿಲ್ಲ. ಜಗತ್ತಿನ ಎದುರು ಇಟ್ಟಿತು, ಫ್ಯೂಸ್ ಎಂಬ ಪಾಠಕ್ರಮ ಮಾಡಿತು, ಪರೀಕ್ಷೆ ಮಾಡಿತು. ನಮ್ಮಲ್ಲಿ ಆ ಹನ್ನೊಂದು ಪ್ರಶ್ನೆಗಳನ್ನು ನಮ್ಮ ಸಂಘಗಳ ಪದಾಧಿಕಾರಿಗಳ ಮುಂದೆ ಇಡುವ ಧೈರ್ಯ ಯಾರಿಗಿದೆ?

ತೊಡೆ ಸುಟ್ಟರೆ ಮಾರನೆಯ ದಿನ ಕಾಣುತ್ತದೆ. ಕಾಣದೆ ಸುಡುವುದರ ಮಾತೇ ಬೇರೆ. ಲ್ಯಾಪ್ರೊಸ್ಕೋಪಿಯಲ್ಲಿ ಕ್ಯಾಮೆರಾ ತೋರಿಸುವುದು ಉಪಕರಣದ ತುದಿಯ ಕೆಲವು ಸೆಂಟಿಮೀಟರುಗಳನ್ನು. ಉದ್ದನೆಯ ಕೋಲಿನ ಮಿಕ್ಕ ಭಾಗ ಪರದೆಯ ಆಚೆ, ಕರುಳಿನ ಪಕ್ಕ ಮಲಗಿರುತ್ತದೆ. ಅದರ ಕಪ್ಪು ಹೊದಿಕೆ ಪದೇ ಪದೇ ತೊಳೆದು, ಆಟೋಕ್ಲೇವ್ ಮಾಡಿ, ಒಳತೂರಿಸುವ ಟ್ರೋಕಾರ್ ಕೊಳವೆಗೆ ಉಜ್ಜಿ ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಬಿರುಕು ಸಣ್ಣದಾದಷ್ಟೂ ಅಪಾಯ ಹೆಚ್ಚು, ಸೂಜಿಮೊನೆಯಷ್ಟು ಜಾಗದಲ್ಲಿ ಅಷ್ಟೂ ವಿದ್ಯುತ್ತು ಜಿಗಿಯುತ್ತದೆ. ಅದರಲ್ಲೂ ಕೋಆಗ್‌ನ ವೋಲ್ಟೇಜ್ ಕಟ್‌ಗಿಂತ ಬಹಳ ಹೆಚ್ಚು. ನೀಲಿ ಗುಂಡಿ ಸೌಮ್ಯ, ಹಳದಿ ಗುಂಡಿ ಉಗ್ರ ಎಂದು ನಾನೂ ಹದಿನೈದು ವರ್ಷ ನಂಬಿದ್ದೆ. ಹೊದಿಕೆ ಹರಿಯುವ ವಿಷಯದಲ್ಲಿ ಸತ್ಯ ಅದಕ್ಕೆ ಪೂರ್ತಿ ಉಲ್ಟಾ. ತುದಿ ಏನನ್ನೂ ಮುಟ್ಟದೆ ಗಾಳಿಯಲ್ಲಿರುವಾಗ ಪೆಡಲ್ ಒತ್ತಿದರೆ ವಿದ್ಯುತ್ತು ದಾರಿ ಹುಡುಕುತ್ತದೆ, ಬಿರುಕಿನಲ್ಲಿ ದಾರಿ ಸಿಗುತ್ತದೆ.

ಕರುಳಿಗೆ ಹಾಗೆ ಆದ ಸುಟ್ಟಗಾಯ ಆ ಹೊತ್ತಿಗೆ ಒಂದು ಬಿಳಿ ಚುಕ್ಕೆ. ಯಾರೂ ನೋಡುವುದಿಲ್ಲ. ರೋಗಿ ಎರಡನೆಯ ದಿನ ನಗುತ್ತಾ ಡಿಸ್ಚಾರ್ಜ್ ಆಗುತ್ತಾರೆ. ನಾಲ್ಕನೆಯದೋ ಐದನೆಯದೋ ದಿನ ಆ ಚುಕ್ಕೆ ಸತ್ತು ಕಳಚುತ್ತದೆ. ಜ್ವರ, ಉಬ್ಬಿದ ಹೊಟ್ಟೆ, ರಾತ್ರಿ ಹೊತ್ತಿನಲ್ಲಿ ಬಾಡಿಗೆ ಕಾರು. ಇನ್ನೊಂದು ಊರಿನ ಇನ್ನೊಬ್ಬ ಸರ್ಜನ್ ಹೊಟ್ಟೆ ತೆರೆದು ಮಲ ತೊಳೆಯುತ್ತಾನೆ. ಮೊದಲು ಆಪರೇಶನ್ ಮಾಡಿದವನಿಗೆ ತನ್ನಿಂದ ಏನಾಯಿತೆಂಬುದು ಬಹಳ ಸಲ ತಿಳಿಯುವುದೇ ಇಲ್ಲ. ಅದೇ ಉಪಕರಣ ಮರುದಿನ ಮತ್ತೊಬ್ಬರ ಹೊಟ್ಟೆಯೊಳಗೆ ಹೋಗುತ್ತದೆ. ನನ್ನ ನಿದ್ದೆ ಕೆಡಿಸುವುದು ಇದು.

ಬೆಂಕಿಯ ಮಾತನ್ನೂ ಹೇಳಿಬಿಡಬೇಕು. ಸ್ಪಿರಿಟ್ ಇರುವ ದ್ರಾವಣದಿಂದ ಚರ್ಮ ಒರೆಸಿ, ಅದು ಆರುವ ಮುನ್ನ ಬಟ್ಟೆ ಹೊದಿಸಿ, ಪೆನ್ಸಿಲ್ ಒತ್ತುವವರನ್ನು ನಾನು ಎಣಿಸಲಾರದಷ್ಟು ಸಲ ನೋಡಿದ್ದೇನೆ. ಕೂದಲಿಲ್ಲದ ಚರ್ಮದ ಮೇಲೂ ಅದು ಆರಲು ಕಡೇಪಕ್ಷ ಮೂರು ನಿಮಿಷ ಬೇಕು. ಹೊಕ್ಕುಳಲ್ಲಿ, ಸೊಂಟದ ಕೆಳಗಿನ ಬಟ್ಟೆಯಲ್ಲಿ ನಿಂತದ್ದು ಅಷ್ಟರಲ್ಲೂ ಆರುವುದಿಲ್ಲ. ಸ್ಪಿರಿಟ್ಟಿನ ಜ್ವಾಲೆ ಥಿಯೇಟರಿನ ದೀಪದಡಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಮುಖದ, ಕುತ್ತಿಗೆಯ ಸಣ್ಣ ಆಪರೇಶನ್ನುಗಳಲ್ಲಿ ಮಾಸ್ಕಿನಿಂದ ಆಮ್ಲಜನಕ ಸೋರುತ್ತಿರುವಾಗ ಕಿಡಿ ಹಾರಿಸುವುದಂತೂ ಒಲೆ ಹಚ್ಚುವುದಕ್ಕೆ ಸಮ. ಅರಿವಳಿಕೆಯ ವೈದ್ಯರಿಗೆ ‘ಕಾಟರಿ ಹಾಕ್ತಿದ್ದೇನೆ, ಆಕ್ಸಿಜನ್ ಇಳಿಸಿ’ ಎಂದು ಹೇಳಲು ನಾಲ್ಕು ಪದ ಸಾಕು. ಹಾಗೂ ಹೊತ್ತಿಕೊಂಡರೆ ಅನಿಲ ನಿಲ್ಲಿಸಬೇಕು, ಉರಿಯುವ ಬಟ್ಟೆ ಕಿತ್ತೆಸೆಯಬೇಕು, ಸಲೈನ್ ಸುರಿಯಬೇಕು. ಇದನ್ನು ಒಮ್ಮೆಯಾದರೂ ನಿಮ್ಮ ತಂಡದೊಂದಿಗೆ ಅಭ್ಯಾಸ ಮಾಡಿದ್ದೀರಾ?

ಇನ್ನು ಮಕ್ಕಳು. 1966ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ವರ್ಷ ತುಂಬದ ಗಂಡುಮಗುವೊಂದಕ್ಕೆ ಮುಂದೊಗಲು ತೆಗೆಯುವಾಗ ವಿದ್ಯುತ್ತಿನ ಕಾಟರಿ ಬಳಸಿ, ಆ ಅಂಗವೇ ಸುಟ್ಟುಹೋಯಿತು. ಆ ಬದುಕು ಆಮೇಲೆ ಪಟ್ಟ ಪಾಡು ವೈದ್ಯಲೋಕಕ್ಕೆಲ್ಲ ಗೊತ್ತು. ಕಿರಿದಾದ ಅಂಗದಲ್ಲಿ ವಿದ್ಯುತ್ತಿಗೆ ಹರಡಲು ಜಾಗವಿಲ್ಲ, ಬುಡದಲ್ಲೇ ಕೇಂದ್ರೀಕರಿಸುತ್ತದೆ. ಅಲ್ಲಿ ಪ್ಲೇಟ್ ಬೇಕಾಗುವ ಈ ಮಾನೋಪೋಲಾರ್ ಮುಟ್ಟಕೂಡದು, ಎರಡು ತುದಿಗಳ ನಡುವೆಯೇ ವಿದ್ಯುತ್ತು ಮುಗಿಯುವ ಬೈಪೋಲಾರ್ ಇದೆ. ಜಯದೇವ ಆಸ್ಪತ್ರೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡು ಬಂದ ಅಜ್ಜನ ಹರ್ನಿಯಾ ಮಾಡುವಾಗಲೂ ಮೊದಲು ನೆನಪಾಗಬೇಕಾದದ್ದು ಅದೇ. ಮಾನೋಪೋಲಾರ್ ಬೇಕೇ ಬೇಕೆಂದರೆ ವಿದ್ಯುತ್ತಿನ ಹಾದಿ ಎದೆಯನ್ನು ಹಾಯದಂತೆ ಪ್ಲೇಟ್ ಇಟ್ಟು, ಒಂದೊಂದೇ ಗಳಿಗೆ ಒತ್ತಿ ಬಿಡಬೇಕು.

ಆಸ್ಪತ್ರೆ ನಡೆಸುವವರಿಗೂ ಹೇಳಬೇಕಾದ್ದಿದೆ. ಈಗಿನ ಮೆಷಿನ್ನುಗಳಲ್ಲಿ ಎರಡು ಭಾಗವಾದ ಅಂಟುಪ್ಲೇಟ್ ಹಾಕಿದರೆ, ಪ್ಲೇಟ್ ಎದ್ದೊಡನೆ ಮೆಷಿನ್ ತಾನೇ ಕೂಗಿ ನಿಲ್ಲುತ್ತದೆ. ಹಾಗಿದ್ದರೂ ಹಣ ಉಳಿಸಲು ಒಂದೇ ಭಾಗದ ಪ್ಲೇಟ್ ತರಿಸುತ್ತೀರಿ. ಆಗ ಆ ಕಾವಲು ಸತ್ತಂತೆಯೇ. ಒಬ್ಬರಿಗೆ ಬಳಸಿ ಎಸೆಯಬೇಕಾದದ್ದನ್ನು ಅಂಟು ಹೋದ ಮೇಲೂ ಪ್ಲಾಸ್ಟರ್ ಸುತ್ತಿ ಐದಾರು ಜನರಿಗೆ ಹಾಕಿಸುತ್ತೀರಿ. ಮೆಷಿನ್ ಕೂಗಿದರೆ ಕಿರಿಕಿರಿಯೆಂದು ದನಿ ತಗ್ಗಿಸಿಡುತ್ತೇವೆ, ಇದು ನಾವು ಸರ್ಜನ್ನರು ಮಾಡುವುದು. ಪೆನ್ಸಿಲ್ಲಿಗೆ ಕೊಟ್ಟ ಗೂಡನ್ನು ಬಿಟ್ಟು ರೋಗಿಯ ಎದೆಯ ಮೇಲೆ ಇಡುವುದೂ, ವೈರನ್ನು ಉಕ್ಕಿನ ಟವೆಲ್ ಕ್ಲಿಪ್ಪಿಗೆ ಸುತ್ತುವುದೂ ನಾವೇ. ಅಲ್ಲಿ ಹೊದಿಕೆ ಸವೆದಿದ್ದರೆ ಕ್ಲಿಪ್ ಕಚ್ಚಿದ ಚರ್ಮ ಸುಡುತ್ತದೆ. ಮೆಷಿನ್ ಮಾರಲು ಬಂದ ಕಂಪನಿಯ ಹುಡುಗ ಹದಿನೈದು ನಿಮಿಷ ಗುಂಡಿ ತೋರಿಸಿ ಹೋದದ್ದನ್ನು ತರಬೇತಿ ಎನ್ನುತ್ತೇವೆ.

ನನ್ನ ಓರಗೆಯ ಸರ್ಜನ್ನರೇ, ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಗೊತ್ತಿಲ್ಲ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ. ಇಷ್ಟು ವರ್ಷ ಅನುಭವದವನು ಹೀಗೆಂದರೆ ಕಿರಿಯರು ಏನಂದುಕೊಂಡಾರು ಎಂಬ ಅಳುಕು ನನಗೂ ಇತ್ತು. ನಾನು ಹೇಳಿದ ದಿನ ಒಬ್ಬ ಕಿರಿಯ ಸರ್ಜನ್ ಕಾಗದ, ಪೆನ್ನು ತಂದು ಪಕ್ಕದಲ್ಲಿ ಕುಳಿತು, ‘ನನಗೂ ಗೊತ್ತಿಲ್ಲ ಸಾರ್, ಕೇಳೋಕೆ ನಾಚಿಕೆ ಆಗ್ತಿತ್ತು’ ಎಂದ. ಮೆಷಿನ್ನಿನ ಜೊತೆ ಬಂದ ಪುಸ್ತಕ ಬೀರುವಿನಲ್ಲಿ ಸೀಲೂ ಒಡೆಯದೆ ಬಿದ್ದಿತ್ತು. ಇಬ್ಬರೂ ಒಂದು ಭಾನುವಾರ ಕುಳಿತು ಓದಿದೆವು. ಬೇಕಾಗಿದ್ದದ್ದು ಒಂದು ಭಾನುವಾರ. ನಾನು ಅದಕ್ಕೆ ಹದಿನೈದು ವರ್ಷ ತೆಗೆದುಕೊಂಡಿದ್ದೆ.

ಕಲಿಸುವ ಜಾಗದಲ್ಲಿರುವವರೇ, ಎಂಎಸ್ ವಿದ್ಯಾರ್ಥಿಯ ಕೈಗೆ ಪೆನ್ಸಿಲ್ ಕೊಡುವ ಮುನ್ನ ಪ್ಲೇಟ್ ಎಲ್ಲಿ ಹಾಕಬೇಕು, ಯಾಕೆ ಎಂದು ಕೇಳಿ. ಮಾಂಸ ತುಂಬಿದ ಜಾಗದಲ್ಲಿ, ಕೂದಲು ತೆಗೆದು, ಎಲುಬಿನ ಉಬ್ಬಿನ ಮೇಲಲ್ಲ, ಹಳೆಯ ಗಾಯದ ಕಲೆಯ ಮೇಲಲ್ಲ ಎಂಬಷ್ಟನ್ನು ಹೇಳಲು ಬಾರದಿದ್ದರೆ ಆ ದಿನ ಅವನ ಕೈಗೆ ಪೆನ್ಸಿಲ್ ಬೇಡ. ಪ್ರಾಯೋಗಿಕ ಪರೀಕ್ಷೆಯ ಮೇಜಿನ ಮೇಲೆ ಫೋರ್ಸೆಪ್ಸ್ ಇಟ್ಟು ಹೆಸರು ಕೇಳುತ್ತೀರಿ. ಹೊದಿಕೆ ಬಿರುಕು ಬಿಟ್ಟ ಒಂದು ಲ್ಯಾಪ್ರೊಸ್ಕೋಪಿ ಹುಕ್ ಕೂಡ ಇಡಿ, ತಪ್ಪೇನೆಂದು ಕೇಳಿ. ಸುಟ್ಟ ಗಾಯ ಆದಾಗ ಬರೆದು ಕಳಿಸಿ. ಉಪಕರಣಗಳಿಂದಾದ ಹಾನಿಯನ್ನು ದಾಖಲಿಸಲೆಂದೇ 2015ರ ಜುಲೈಯಿಂದ ನಮ್ಮ ದೇಶದಲ್ಲಿ ಮೆಟೀರಿಯೋವಿಜಿಲೆನ್ಸ್ ಎಂಬ ವ್ಯವಸ್ಥೆ ಇದೆ, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನೋಡಿಕೊಳ್ಳುತ್ತದೆ. ನನ್ನ ಪರಿಚಯದ ಸರ್ಜನ್ನರಲ್ಲಿ ಬಹುತೇಕರು ಆ ಹೆಸರನ್ನೇ ಕೇಳಿಲ್ಲ.

ಆಪರೇಶನ್ನಿಗೆ ಮಲಗುವ ತಾಯಂದಿರೇ, ಅಣ್ಣಂದಿರೇ, ಹೆದರಬೇಡಿ. ಸರಿಯಾಗಿ ಬಳಸಿದರೆ ಇದು ರಕ್ತ ಉಳಿಸುವ, ಜೀವ ಉಳಿಸುವ ಯಂತ್ರ. ಪೇಸ್‌ಮೇಕರ್ ಇದ್ದರೆ, ಮೂಳೆಗೆ ಹಾಕಿದ ರಾಡೋ ಪ್ಲೇಟೋ ಇದ್ದರೆ ಕೇಳದಿದ್ದರೂ ಹೇಳಿ. ಕಾಲುಂಗುರ, ಬಳೆ ತೆಗೆಯಿರಿ ಎಂದು ಸಿಸ್ಟರ್ ಹೇಳಿದರೆ ಅಪಶಕುನವೆಂದುಕೊಳ್ಳದೆ ತೆಗೆದುಕೊಡಿ. ಆಪರೇಶನ್ ಮಾಡಿಸಿದ ಜಾಗ ಬಿಟ್ಟು ಬೇರೆಲ್ಲಾದರೂ ಉರಿ ಇದ್ದರೆ, ಮನೆಗೆ ಹೋದ ಮೇಲೆ ಹೊಟ್ಟೆ ಉಬ್ಬಿ ಜ್ವರ ಬಂದರೆ, ನಾಳೆ ನೋಡೋಣ ಎನ್ನದೆ ಅದೇ ದಿನ ಬನ್ನಿ.

ಆ ಸಿಸ್ಟರ್ ನಿವೃತ್ತರಾಗಿ ಮಗಳ ಮನೆಯಲ್ಲಿದ್ದಾರೆ. ಕಳೆದ ವರ್ಷ ಹುಡುಕಿಕೊಂಡು ಹೋಗಿ, ಅವತ್ತು ನೀವು ಕೇಳಿದ್ದೇ ಸರಿ, ತಪ್ಪು ನನ್ನದು ಎಂದೆ. ಅವರಿಗೆ ಎಲ್ಲ ನೆನಪಿತ್ತು, ವಾರವೂ ಸಹಿತ. ‘ಆಯಮ್ಮನಿಗೆ ಹೇಳಿದ್ರಾ ಸಾರ್?’ ಎಂದು ಕೇಳಿದರು. ಆ ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು.

ನಾಳೆ ಬೆಳಿಗ್ಗೆ ಮೊದಲ ಕೇಸಿಗೆ ರೋಗಿಯನ್ನು ಟೇಬಲ್ ಮೇಲೆ ಮಲಗಿಸಿದಾಗ ಹೊದಿಕೆ ಎತ್ತಿ ಪ್ಲೇಟಿನ ನಾಲ್ಕೂ ಅಂಚನ್ನು ನಿಮ್ಮ ಬೆರಳಿನಿಂದ ಒತ್ತಿ ನೋಡಿ. ಟೇಬಲ್ ವಾಲಿಸಿದ ಮೇಲೆ ಸಿಸ್ಟರಿಗೆ ಇನ್ನೊಮ್ಮೆ ನೋಡಲು ಹೇಳಿ. ಕಾಟರಿ ಹಿಡಿಯದಿದ್ದರೆ ಕೈ ನಿಲ್ಲಿಸಿ, ಡ್ರೇಪ್ ಎತ್ತಲು ಬಿಡಿ.